ಏಕತ್ವವೂ ಏಕರೂಪತೆಯೂ: ಮಲೆನಾಡಿನ ಮಿಶ್ರವನದ ವಿಚಾರ

ದೇವನೊಬ್ಬನೇ ಎಂಬುದು ಶರಣಧರ್ಮದ ಮೂಲತತ್ತ್ವ. ಆದರೆ ದೇವನು ಒಬ್ಬನೆಂದು ನಂಬಿದ ಭಕ್ತನ ಕಣ್ಣಿಗೆ ಲೋಕದಲ್ಲಿ ಕಾಣುವುದು ನಾನಾತ್ವವೇ. ಜನರಲ್ಲಿ ನಾನಾ ಬಗೆ, ಕಾಯಕಗಳಲ್ಲಿ ನಾನಾ ಬಗೆ, ಗಿಡಮರಗಳಲ್ಲಿ ನಾನಾ ಬಗೆ. ಈ ನಾನಾತ್ವವನ್ನು ಅವನು ಹೇಗೆ ತಿಳಿಯಬೇಕು? ಇದು ಅಜ್ಞಾನದಿಂದ ತೋರುವ ಗೊಂದಲವೆಂದು ತಿಳಿದು, ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯಲು ಯತ್ನಿಸಬೇಕೆ? ಅಥವಾ ನಾನಾತ್ವದ ಒಳಗೇ ಒಂದು ಕ್ರಮವುಂಟೆಂದು ನಂಬಿ, ಅದನ್ನು ತಾಳ್ಮೆಯಿಂದ ಅರಸಬೇಕೆ? ಪ್ರಶ್ನೆಯು ಕೇವಲ ಶಾಸ್ತ್ರಿಗಳ ವಾದಕ್ಕೆ ಸೇರಿದುದಲ್ಲ. ಒಂದು ಎಕರೆ ಬೆಟ್ಟವನ್ನು ತಂದೆಯಿಂದ ಪಡೆದು ಮಗನಿಗೆ ಒಪ್ಪಿಸಬೇಕಾದ ಗೃಹಸ್ಥನಿಗೂ ಇದು ದಿನನಿತ್ಯದ ಪ್ರಶ್ನೆಯೇ ಆಗಿರುವುದು.

ಇದನ್ನು ವಿಚಾರಿಸಲು ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಿಂತ ತಕ್ಕ ಸ್ಥಳ ದುರ್ಲಭ. ಅಲ್ಲಮಪ್ರಭುವಿನ ಕಥೆಯಲ್ಲಿ ಬರುವ ಬನವಾಸಿಯು ಈ ಶಿರಸಿ ತಾಲ್ಲೂಕಿನಲ್ಲಿಯೇ ಇರುವುದು. ಊರಿನ ಹೆಸರಿನಲ್ಲಿಯೇ ಬನವು ಅಡಗಿರುವುದು. ಇಲ್ಲಿ ಪಡುವಣ ಘಟ್ಟದ ಅಂಚಿನಲ್ಲಿ ಮಳೆ ಹೆಚ್ಚು. ಮೂಡಣಕ್ಕೆ ಸರಿದಂತೆಲ್ಲ ಕಡಿಮೆ. ಆದಕಾರಣ ಸಿದ್ದಾಪುರದ ಪಡುವಣ ಕಣಿವೆಗಳಲ್ಲಿ ವರ್ಷವಿಡೀ ಎಲೆಯುದುರದ ಕಾನು, ಯಲ್ಲಾಪುರದ ಮೂಡಣ ಭಾಗದಲ್ಲಿ ಬೇಸಿಗೆಗೆ ಎಲೆ ಉದುರಿಸುವ ಕಾಡು, ನಡುವೆ ಎರಡೂ ಬೆರೆತ ಭೂಮಿ. ಮತ್ತಿ, ಕಿಂದಳ, ನಂದಿ, ಹೊನ್ನೆ, ಬೀಟೆ, ಜಂಬೆ, ತೇಗಗಳು ಒಂದೆಡೆ. ಹೆಬ್ಬಲಸು, ಮುರುಗಲು, ಉಪ್ಪಾಗೆ, ರಾಮಪತ್ರೆ, ದಾಲ್ಚಿನ್ನಿ, ನೇರಳೆ, ಬೈನೆಗಳು ಮತ್ತೊಂದೆಡೆ. ಮೇಲೆ ಹೆಮ್ಮರ, ಅದರ ಕೆಳಗೆ ನೆರಳು ಬಯಸುವ ನಡುಮರ, ಅದಕ್ಕೂ ಕೆಳಗೆ ಪೊದೆ, ಪೊದೆಯ ಬುಡದಲ್ಲಿ ತರಗೆಲೆ. ಹೆಮ್ಮರವನ್ನು ಹಿಡಿದು ಮೇಲೇರುವ ಬಳ್ಳಿಗಳಲ್ಲಿ ಕಾಳುಮೆಣಸೂ ಒಂದು.

ಈ ಕಾಡು ಮನುಷ್ಯನ ಕೈಸೋಕದ ಕಾಡಲ್ಲ. 1801ರಲ್ಲಿ ಯಲ್ಲಾಪುರ, ಸೋಂದೆ, ಶಿರಸಿ, ಬನವಾಸಿಗಳ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಕೆನರಾ ಸೀಮೆಯಲ್ಲಿ ಕಾಡುಗಳನ್ನು ಗ್ರಾಮದೇವತೆಗಳ ಸೊತ್ತೆಂದು ಜನರು ಎಣಿಸುವರೆಂದೂ, ದೇವತೆಯ ಪೂಜಾರಿಯಾದ ಗೌಡನ ಅಪ್ಪಣೆಯಿಲ್ಲದೆ ಮರ ಕಡಿಯುವಂತಿಲ್ಲವೆಂದೂ ಬರೆದಿರುವನು. ಸರಕಾರವು ಕಾಡಿನ ಮೇಲೆ ಹಕ್ಕು ಸಾಧಿಸದಂತೆ ಜನರು ಹೂಡಿದ ಉಪಾಯವಿದು ಎಂದು ಅವನು ಸಂಶಯಪಟ್ಟನು. ಉಪಾಯವೋ ಭಕ್ತಿಯೋ, ಅಂತೂ ಕಾನುಗಳು ಉಳಿದವು. ಅವುಗಳ ನೆರಳಿನಲ್ಲಿ ಮೆಣಸು ಬೆಳೆಯಿತು, ಕೆಳಗಿನ ಅಡಿಕೆ ತೋಟಕ್ಕೆ ಬೇಸಿಗೆಯಲ್ಲಿಯೂ ನೀರು ಹರಿಯಿತು. ತೋಟಕ್ಕೆ ಹೊದಿಸುವ ಸೊಪ್ಪಿಗಾಗಿ ಬಿಟ್ಟ ಸೊಪ್ಪಿನಬೆಟ್ಟವೂ ಈ ಸೀಮೆಯ ವಿಶೇಷ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಳಸುವ ಸೌಲಭ್ಯವನ್ನು ಸರಕಾರವೂ ಮನ್ನಿಸಿತು.

ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1864ರಲ್ಲಿ ಜರ್ಮನ್ ವಿದ್ವಾಂಸನಾದ ಡೀಟ್ರಿಖ್ ಬ್ರಾಂಡಿಸನು ಹಿಂದೂಸ್ಥಾನದ ಅರಣ್ಯ ಇಲಾಖೆಯ ಪ್ರಥಮ ಮುಖ್ಯಾಧಿಕಾರಿಯಾದನು. ಅಂದಿನಿಂದ ಕಾಡನ್ನು ಲೆಕ್ಕದ ಪುಸ್ತಕದಲ್ಲಿ ಓದುವ ಪದ್ಧತಿ ಬೆಳೆಯಿತು. ಹಡಗಿಗೂ ರೈಲುದಾರಿಗೂ ಯಾವ ಮರ ಬೇಕೊ ಆ ಮರ ಉತ್ತಮ. ಉಳಿದುವು ಕಾಡುಜಾತಿ ಎಂಬ ಭಾವನೆ ಬೇರೂರಿತು. ಸ್ವಾತಂತ್ರ್ಯದ ಅನಂತರವೂ ಇದು ಬದಲಾಗಲಿಲ್ಲ. ಬಹುಜಾತಿಯ ಕಾಡನ್ನು ಬೋಳುಗಡಿದು ಅಲ್ಲಿ ತೇಗವನ್ನೊ ನೀಲಗಿರಿಯನ್ನೊ ಸಾಲಾಗಿ ನೆಡುವ ಕೆಲಸ ಅನೇಕ ವರ್ಷ ನಡೆಯಿತು.

ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳದೆ ಸಿದ್ಧಾಂತವನ್ನು ಹೇಳುವುದು ಶಾಸ್ತ್ರಸಮ್ಮತವಲ್ಲ. ಏಕಜಾತಿಯ ನೆಡುತೋಪಿನ ಪಕ್ಷವನ್ನು ಹಿಡಿದವರು ದುಷ್ಟರಾಗಿರಲಿಲ್ಲ. ಅವರ ವಾದವು ಹೀಗಿತ್ತು: ದೇಶಕ್ಕೆ ಮರಮುಟ್ಟು ಬೇಕು, ಕಾಗದ ಬೇಕು. ಬೆರಕೆ ಕಾಡಿನಲ್ಲಿ ಬೇಕಾದ ಮರವು ಅಲ್ಲೊಂದು ಇಲ್ಲೊಂದು. ಅದನ್ನು ಹುಡುಕಿ ಕಡಿದು ಸಾಗಿಸಲು ಖರ್ಚು ಹೆಚ್ಚು. ಒಂದೇ ಜಾತಿ, ಒಂದೇ ವಯಸ್ಸು, ಒಂದೇ ಅಂತರವಾದರೆ ಬೆಳೆಯನ್ನು ಅಳೆಯುವುದು ಸುಲಭ, ಕೊಯ್ಯುವುದು ಸುಲಭ, ಮುಂದಿನ ಆದಾಯವನ್ನು ಇಂದೇ ಹೇಳಬಹುದು. ಗದ್ದೆಯಲ್ಲಿ ಭತ್ತದೊಡನೆ ಕಳೆಯನ್ನು ಬೆಳೆಯುವ ರೈತನುಂಟೆ? ಕಾಡಿನಲ್ಲಿ ಮಾತ್ರ ಏಕೆ ಬೆಳೆಯಬೇಕು? ಈ ವಾದವು ಮೇಲ್ನೋಟಕ್ಕೆ ಗಟ್ಟಿಯಾಗಿಯೇ ಇರುವುದು.

ಆದರೆ ವಾದದ ಪರೀಕ್ಷೆ ಆಗುವುದು ಫಲದಲ್ಲಿ. ಮಳೆ ಹೆಚ್ಚಾದ ಘಟ್ಟಸೀಮೆಯಲ್ಲಿ ನೆಟ್ಟ ನೀಲಗಿರಿಗೆ ನಸುಗೆಂಪು ಬಣ್ಣದ ಒಂದು ಶಿಲೀಂಧ್ರ ತಗುಲಿತು. ಕೊಂಬೆಗಳು ಒಣಗಿ ತೋಪಿಗೆ ತೋಪೇ ಹಾಳಾಯಿತು. ತೇಗದ ತೋಪುಗಳಲ್ಲಿ ಎಲೆತಿನ್ನುವ ಹುಳುಗಳು ಮಳೆಗಾಲದಲ್ಲಿ ಎದ್ದು, ಎಲೆಯ ಹಸುರನ್ನು ಮೇದು ನರಗಳ ಬಲೆಯನ್ನು ಮಾತ್ರ ಉಳಿಸುವುದನ್ನು ಈ ಸೀಮೆಯ ಜನರು ಕಂಡಿರುವರು. ಹುಳುವಿಗೆ ಒಂದು ಮರದಿಂದ ಇನ್ನೊಂದಕ್ಕೆ ಹೋಗಲು ತಡೆಯೇ ಇಲ್ಲದಿದ್ದರೆ ಹೀಗಾಗುವುದು ಸಹಜವಷ್ಟೆ. ಏಕಜಾತಿಯ ವನಶಾಸ್ತ್ರವು ಹುಟ್ಟಿ ಬೆಳೆದ ಜರ್ಮನಿಯಲ್ಲಿಯೇ ಕಾರ್ಲ್ ಗೇಯರ್ ಎಂಬ ಆಚಾರ್ಯನು 1886ರಲ್ಲಿ ಮಿಶ್ರವನದ ಮೇಲೆ ಗ್ರಂಥವನ್ನು ಬರೆದು, ಬಹುಜಾತಿಯ ಕಾಡಿಗೆ ಮರಳಬೇಕೆಂದು ವಾದಿಸಿದ್ದನು. ಅಲ್ಲಿ ಸಂಶಯ ಹುಟ್ಟಿದ ಪದ್ಧತಿಯನ್ನು ಇಲ್ಲಿ ಮುಂದೆ ನೂರು ವರ್ಷ ಸಂಶಯವಿಲ್ಲದೆ ಆಚರಿಸಲಾಯಿತು.

ಹಾಗಾದರೆ ಮಿಶ್ರವನವನ್ನು ತಿಳಿಯುವ ಬಗೆ ಯಾವುದು? ಯಾವುದನ್ನು ತಿಳಿಯಬೇಕಾದರೂ ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯಗಳೆಂಬ ಮೂರು ಪ್ರಮಾಣಗಳನ್ನು ಪ್ರಾಚೀನರು ಹೇಳಿರುವರು. ಕಾಡಿಗೂ ಈ ಮೂರೇ ಸಾಕು.

ಪ್ರತ್ಯಕ್ಷವೆಂದರೆ ಕಾಡಿನೊಳಗೆ ಹೋಗಿ ಎಣಿಸುವುದು. ವಿದ್ವಾಂಸರು ಕಾಡಿನಲ್ಲಿ ಒಂದು ನೇರ ರೇಖೆಯನ್ನು ಹಾಕಿ, ಅದರ ಉದ್ದಕ್ಕೂ ಚೌಕಗಳನ್ನು ಗುರುತಿಸುವರು. ಚೌಕದೊಳಗಿನ ಪ್ರತಿಯೊಂದು ಮರದ ಹೆಸರನ್ನು ಬರೆದು, ಎದೆಯೆತ್ತರದಲ್ಲಿ ಕಾಂಡದ ಸುತ್ತಳತೆಯನ್ನು ತೆಗೆಯುವರು. ಅಷ್ಟರಿಂದಲೇ ಮುಗಿಯದು, ಒಳಗೊಂದು ಚಿಕ್ಕ ಚೌಕವನ್ನು ಮಾಡಿ ನೆಲದ ಸಸಿಗಳನ್ನೂ ಎಣಿಸಬೇಕು. ಮೇಲೆ ಹೆಮ್ಮರವಿದ್ದು ಕೆಳಗೆ ಅದರ ಸಸಿಯಿಲ್ಲದಿದ್ದರೆ ಆ ಜಾತಿಯು ಮುದುಕರೇ ತುಂಬಿದ ಮನೆಯಂತೆ. ನೋಡಲು ತುಂಬಿದ್ದರೂ ವಂಶವು ನಿಂತಿದೆ. ಯಾವ ಮರ ಯಾವ ತಿಂಗಳಲ್ಲಿ ಹೂಬಿಟ್ಟಿತು, ಕಾಯಿಬಿಟ್ಟಿತು ಎಂಬುದನ್ನು ವರ್ಷವರ್ಷವೂ ಗುರುತಿಸಬೇಕು. ಅಘನಾಶಿನಿಯ ಕಣಿವೆಯಲ್ಲಿ ವಾಸಿಸುವ ಸಿಂಗಳೀಕವು ಮರದ ಮೇಲೆಯೇ ಬಾಳುವ ಪ್ರಾಣಿ. ಅದಕ್ಕೆ ಎಲ್ಲ ತಿಂಗಳಲ್ಲಿಯೂ ಹಣ್ಣು ಬೇಕು. ಒಂದು ಜಾತಿಯ ಮರವು ವರ್ಷವಿಡೀ ಹಣ್ಣು ಕೊಡದು. ಹಲವು ಜಾತಿಗಳು ಸರದಿಯಂತೆ ಕೊಟ್ಟರೆ ಮಾತ್ರ ಅದರ ಸಂಸಾರ ಸಾಗುವುದು. ಈ ಕಣಿವೆಯನ್ನು ಸರಕಾರವು 2011ರಲ್ಲಿ ಸಿಂಗಳೀಕಕ್ಕಾಗಿ ಸಂರಕ್ಷಿತ ಪ್ರದೇಶವೆಂದು ಸಾರಿತು. ನೀಲಗಿರಿ ಜಿಲ್ಲೆಯ ಮುದುಮಲೆಯಲ್ಲಿ 1988ರಿಂದ 50 ಹೆಕ್ಟೇರ್ ಕಾಡಿನ ಮರಗಳಿಗೆ ಸಂಖ್ಯೆಯ ಬಿಲ್ಲೆ ಕಟ್ಟಿ, ಹುಟ್ಟು ಸಾವುಗಳ ಲೆಕ್ಕವನ್ನು ವರ್ಷಾನುವರ್ಷ ಇಡುತ್ತಿರುವರು. ಕಾಡಿನ ಆಯುಸ್ಸು ದೊಡ್ಡದು. ನೋಡುವವನ ತಾಳ್ಮೆಯೂ ದೊಡ್ಡದಾಗಿರಬೇಕು.

ಅನುಮಾನವೆಂದರೆ ಕಂಡುದರಿಂದ ಕಾಣದ ಕಾರಣವನ್ನು ಊಹಿಸುವುದು. ಇಷ್ಟು ಜಾತಿಯ ಮರಗಳು ಒಂದೇ ನೆಲದಲ್ಲಿ ಹೇಗೆ ಉಳಿದವು? ಬಲವಾದುದೊಂದು ಉಳಿದೆಲ್ಲವನ್ನೂ ಏಕೆ ನುಂಗಲಿಲ್ಲ? ಅಮೆರಿಕದ ಜಾನ್ಜೆನ್ ಎಂಬವನು 1970ರಲ್ಲಿಯೂ ಕಾನೆಲ್ ಎಂಬವನು 1971ರಲ್ಲಿಯೂ ಒಂದು ಉತ್ತರವನ್ನು ಕೊಟ್ಟರು. ಬೀಜವು ಹೆಚ್ಚಾಗಿ ಬೀಳುವುದು ತಾಯಿಮರದ ಬುಡದಲ್ಲಿ. ಆದರೆ ಆ ಜಾತಿಯನ್ನೇ ತಿನ್ನುವ ಹುಳು, ಆ ಜಾತಿಗೇ ತಗಲುವ ರೋಗ ಇವೂ ಹೆಚ್ಚಾಗಿ ಇರುವುದು ಅಲ್ಲಿಯೇ. ಆದಕಾರಣ ಬುಡದ ಸಸಿಗಳು ಸಾಯುವುವು. ಹಕ್ಕಿಯೊ ಬಾವಲಿಯೊ ದೂರ ಒಯ್ದ ಬೀಜವು ಬದುಕುವುದು. ತಾಯಿಮರದ ಬಳಿಯ ಸ್ಥಳವು ಬೇರೆ ಜಾತಿಗೆ ಬಿಡುವಾಗುವುದು. ಎಲ್ಲ ಕಾಡುಗಳಲ್ಲಿಯೂ ಎಲ್ಲ ಜಾತಿಗಳಿಗೂ ಇದು ಒಂದೇ ಪ್ರಮಾಣದಲ್ಲಿ ಹೊಂದದೆಂಬ ಚರ್ಚೆ ಇನ್ನೂ ನಡೆದಿರುವುದು. ಆದರೂ ತೋಪುಗಳು ಏಕೆ ರೋಗಕ್ಕೆ ತುತ್ತಾದವೆಂಬುದನ್ನು ಈ ವಿಚಾರವು ಚೆನ್ನಾಗಿ ಬೆಳಗುವುದು. ಸಾಲುತೋಪಿನಲ್ಲಿ ಪ್ರತಿಯೊಂದು ಮರವೂ ತನ್ನ ಶತ್ರುವಿನ ಮನೆಯ ಬಾಗಿಲಲ್ಲಿಯೇ ನಿಂತಿರುವುದು.

ಆಪ್ತವಾಕ್ಯವೆಂದರೆ ಬಲ್ಲವರ ಮಾತು. ಬಲ್ಲವರು ಯಾರೆಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ. ಈ ಜಿಲ್ಲೆಯ ಬಿದಿರಿನ ಪ್ರಸಂಗವು ಅದಕ್ಕೆ ಉತ್ತರ ಕೊಡುವುದು. ಹೆಬ್ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ಕೊಂಬೆಗಳು ಹೆಣೆದುಕೊಂಡಿರುವುವು. ಕಾಗದದ ಕಾರ್ಖಾನೆಗಾಗಿ ಬಿದಿರನ್ನು ಕಡಿಯುವಾಗ ಈ ಮುಳ್ಳನ್ನು ಸವರಿ ಬುಡವನ್ನು ಚೊಕ್ಕಟ ಮಾಡುತ್ತಿದ್ದರು. ಒತ್ತು ಕಡಿಮೆಯಾದರೆ ಕಳಲೆ ಚೆನ್ನಾಗಿ ಏಳುವುದೆಂದು ತಜ್ಞರು ತಿಳಿದಿದ್ದರು. ಹಳ್ಳಿಗರು ಇದನ್ನು ಒಪ್ಪಲಿಲ್ಲ. ಮುಳ್ಳೇ ಕಳಲೆಯ ಬೇಲಿ, ಮುಳ್ಳು ಹೋದರೆ ದನವೂ ಮುಳ್ಳುಹಂದಿಯೂ ಕಳಲೆಯನ್ನು ಉಳಿಸವೆಂದು ಅವರು ಹೇಳುತ್ತಿದ್ದರು. 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಮಾಧವ ಗಾಡ್ಗೀಳರೂ ಅವರ ಸಂಗಡಿಗರೂ ಮೆಳೆಗಳನ್ನು ವರ್ಷಗಟ್ಟಲೆ ಅಳೆದು ನೋಡಿದರು. ಹಳ್ಳಿಗರ ಮಾತೇ ನಿಜವಾಯಿತು. ಇದರಿಂದ ತಿಳಿಯಬೇಕಾದುದೇನು? ಪದವಿಯಿದ್ದವನು ಆಪ್ತನಲ್ಲವೆಂದಾಗಲಿ, ಹಳ್ಳಿಗನೆಲ್ಲ ಆಪ್ತನೆಂದಾಗಲಿ ಅಲ್ಲ. ಆ ವಸ್ತುವಿನೊಡನೆ ದೀರ್ಘಕಾಲ ಬಾಳಿ, ಹೇಳುವ ಮಾತಿನಲ್ಲಿ ಸ್ವಾರ್ಥವಿಲ್ಲದವನು ಆಪ್ತನು. ಅವನ ಮಾತನ್ನು ಕೇಳಿ, ಪ್ರತ್ಯಕ್ಷದಿಂದ ಒರೆಹಚ್ಚಿ ನೋಡುವವನು ವಿದ್ವಾಂಸನು. ಅನುಭವಮಂಟಪದಲ್ಲಿ ಅಂಬಿಗನಿಗೂ ಮಾದಾರನಿಗೂ ಮಾತನಾಡುವ ಅಧಿಕಾರವಿದ್ದುದು ಈ ಕಾರಣಕ್ಕಾಗಿಯೇ. ಅರಿವು ಕುಲವನ್ನು ಕೇಳುವುದಿಲ್ಲ.

ಈ ಮೂರು ಪ್ರಮಾಣಗಳಿಂದ ನೋಡಿದ ಮೇಲೆಯೂ ಕಾಡು ತೀರಿಹೋಗುವ ಗ್ರಂಥವಲ್ಲ. ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಎಂಬ ಕಾನು ಇರುವುದು. ಅಲ್ಲಿ ಹಳ್ಳದ ನೀರು ನಿಲ್ಲುವ ಜೌಗಿನಲ್ಲಿ ರಾಮಪತ್ರೆಯ ಬಳಗದ ಮರಗಳು ಊರುಗೋಲಿನಂತಹ ಬೇರುಗಳನ್ನು ಇಳಿಬಿಟ್ಟು, ಮೊಣಕಾಲಿನಂತೆ ಬಾಗಿದ ಬೇರುಗಳನ್ನು ಕೆಸರಿನಿಂದ ಮೇಲೆತ್ತಿ ಗಾಳಿಯನ್ನು ಪಡೆಯುವುವು. ಈ ಕಾನಿನಲ್ಲಿ ಗೇರಿನ ಬಂಧುವಾದ ಒಂದು ಮರವನ್ನು ವಿದ್ವಾಂಸರು ಗುರುತಿಸಿ, 2000ದಲ್ಲಿ ಕತ್ತಲೆಕಾನಿನ ಹೆಸರನ್ನೇ ಸೇರಿಸಿ ಅದಕ್ಕೆ ನಾಮಕರಣ ಮಾಡಿದರು. ಅಲ್ಲಿಯವರೆಗೆ ಶಾಸ್ತ್ರದಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ಈ ಕಾನನ್ನು ಮೊದಲೇ ಬೋಳುಗಡಿದು ತೇಗ ನೆಟ್ಟಿದ್ದರೆ, ಏನನ್ನು ಕಳೆದುಕೊಂಡೆವೆಂಬುದು ಕೂಡ ಯಾರಿಗೂ ತಿಳಿಯುತ್ತಿರಲಿಲ್ಲ. ಕಳೆದುದನ್ನು ಅರಿಯದ ನಷ್ಟವು ಅರಿತು ಅಳುವ ನಷ್ಟಕ್ಕಿಂತ ದೊಡ್ಡದು.

ನಿರುಪಯೋಗಿ ಎಂಬ ಮಾತನ್ನೂ ಇಲ್ಲಿಯೇ ವಿಚಾರಿಸತಕ್ಕುದು. ಮರಮುಟ್ಟಿನ ಲೆಕ್ಕದಲ್ಲಿ ಪೊಟರೆಬಿದ್ದ ಹಳೆಯ ಮರವು ಸೊನ್ನೆ. ಅದನ್ನು ಮೊದಲು ಕಡಿಯಬೇಕು. ಆದರೆ ಮಂಗಟ್ಟೆ ಹಕ್ಕಿಯು ಗೂಡುಮಾಡುವುದು ಅಂಥ ಪೊಟರೆಯಲ್ಲಿ. ಹೆಣ್ಣು ಒಳಗೆ ಸೇರಿ, ಕೊಕ್ಕು ಹಿಡಿಸುವಷ್ಟು ಸಂದನ್ನು ಬಿಟ್ಟು ಬಾಗಿಲನ್ನು ಮೆತ್ತಿಕೊಂಡು ಮೊಟ್ಟೆಗೆ ಕಾವುಕೊಡುವುದು; ಗಂಡು ಹಣ್ಣುಗಳನ್ನು ತಂದು ಉಣಿಸುವುದು. ರಾಮಪತ್ರೆಯಂತಹ ದೊಡ್ಡ ಬೀಜಗಳನ್ನು ನುಂಗಿ ದೂರಕ್ಕೆ ಒಯ್ದು ಬೀಳಿಸುವ ಕೆಲಸ ಈ ಹಕ್ಕಿಯದು. ಬೆಲೆಯಿಲ್ಲದ ಪೊಟರೆಮರವು ಹೋದರೆ ಹಕ್ಕಿ ಹೋಗುವುದು. ಹಕ್ಕಿ ಹೋದರೆ ಬೆಲೆಯುಳ್ಳ ಮರದ ವಂಶವು ಕುಗ್ಗುವುದು. ಯಾರ ಕಾಯಕವು ಯಾರ ಬದುಕನ್ನು ಹೊತ್ತಿದೆಯೆಂಬುದು ಪೇಟೆಯ ಬೆಲೆಯಿಂದ ತಿಳಿಯುವುದಿಲ್ಲ.

ಇದನ್ನು ಪುಸ್ತಕವಿಲ್ಲದೆ ಅರಿತವರು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು. ಹಿಮಾಲಯದಲ್ಲಿ 1973ರಲ್ಲಿ ಮೊದಲಾದ ಚಿಪ್ಕೊ ಚಳವಳಿಯ ಸುಂದರಲಾಲ ಬಹುಗುಣರ ಪ್ರೇರಣೆಯೂ ಅವರಿಗೆ ದೊರೆತಿತ್ತು. 1983ರ ಸೆಪ್ಟೆಂಬರ್ 8ರಂದು ಗಂಡಸರು, ಹೆಂಗಸರು, ಮಕ್ಕಳು ಸಮೀಪದ ಕಾಡಿಗೆ ನಡೆದು ಹೋಗಿ, ಕೊಡಲಿ ಬೀಳಲಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಪಾಂಡುರಂಗ ಹೆಗಡೆಯವರ ಮುಂದಾಳುತನದಲ್ಲಿ ಇದು ಅಪ್ಪಿಕೊ ಚಳವಳಿಯೆಂದು ಹೆಸರಾಗಿ ಬೇರೆ ಊರುಗಳಿಗೂ ಹಬ್ಬಿತು. ಉಳಿಸು, ಬೆಳೆಸು, ಬಳಸು ಎಂಬುದು ಅದರ ಘೋಷ. ಅದರಲ್ಲಿ ಬಳಸು ಎಂಬ ಮಾತೂ ಸೇರಿರುವುದನ್ನು ಗಮನಿಸಬೇಕು. ಕಾಡನ್ನು ಮುಟ್ಟಬಾರದೆಂದು ಅವರು ಹೇಳಲಿಲ್ಲ. ಉಳಿಸಿದವನಿಗೆ, ಬೆಳೆಸಿದವನಿಗೆ ಬಳಸುವ ಅಧಿಕಾರವೆಂದು ಕ್ರಮವನ್ನು ಹೇಳಿದರು. 1988ರ ರಾಷ್ಟ್ರೀಯ ಅರಣ್ಯನೀತಿಯೂ ಕಾಡಿನ ಮೊದಲ ಗುರಿಯು ಆದಾಯವಲ್ಲ, ಪರಿಸರದ ಸಮತೋಲನ ಎಂದು ಸಾರಿತು.

ಇನ್ನು ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕು. ಮಿಶ್ರವನವು ಪ್ರೀತಿಯ ಮನೆ, ಅಲ್ಲಿ ಎಲ್ಲವೂ ಒಂದಕ್ಕೊಂದು ದಾಸೋಹ ಮಾಡುವುವು ಎಂದು ಕೆಲವರು ವರ್ಣಿಸುವರು. ಇದು ಅರ್ಧಸತ್ಯ. ಕಾಡಿನಲ್ಲಿ ಬೆಳಕಿಗಾಗಿ ಹೋರಾಟವುಂಟು. ಹಕ್ಕಿಯು ಬೀಳಿಸಿದ ಆಲದ ಬೀಜವು ಮತ್ತೊಂದು ಮರದ ಕವಲಿನಲ್ಲಿ ಮೊಳೆತು, ಬೇರುಗಳಿಂದ ಅದನ್ನು ಸುತ್ತಿ, ಕಡೆಗೆ ಆಶ್ರಯಕೊಟ್ಟ ಮರವನ್ನೇ ಕೊಲ್ಲುವುದೂ ಉಂಟು. ಮಿಶ್ರವಾದ ಮಾತ್ರಕ್ಕೆ ಇಳುವರಿಯೂ ಮೇಲಾಗಬೇಕೆಂಬ ನಿಯಮವಿಲ್ಲ. ಚೀನದ ಜಿಯಾಂಗ್ಶಿ ಪ್ರಾಂತದಲ್ಲಿ 2009ರಿಂದ ನೆಟ್ಟು ನೋಡಿದ ದೊಡ್ಡ ಪ್ರಯೋಗವೊಂದರ ಫಲವು 2018ರಲ್ಲಿ ಪ್ರಕಟವಾಯಿತು. ಎಂಟು ವರ್ಷಗಳಲ್ಲಿ ಹದಿನಾರು ಜಾತಿಗಳು ಬೆರೆತ ತಾಕು, ಏಕಜಾತಿಯ ತಾಕುಗಳ ಸರಾಸರಿಗಿಂತ ಎರಡು ಪಾಲಿಗೂ ಹೆಚ್ಚು ಇಂಗಾಲವನ್ನು ಕೂಡಿಟ್ಟಿತು; ಆದರೆ ವಾಣಿಜ್ಯಕ್ಕಾಗಿ ಬೆಳೆಸುವ ಉತ್ತಮ ಜಾತಿಗಳ ತಾಕುಗಳೂ ಬಹುಮಟ್ಟಿಗೆ ಅಷ್ಟನ್ನೇ ಕೂಡಿಟ್ಟವು. ಸತ್ಯವನ್ನು ಪ್ರೀತಿಸುವವನು ತನ್ನ ಪಕ್ಷಕ್ಕೆ ಅನುಕೂಲವಾದ ಅರ್ಧವನ್ನು ಮಾತ್ರ ಹೇಳಬಾರದು.

ಆದಕಾರಣ ಕಾಡಿನಿಂದ ನೀತಿಯನ್ನು ಎರವಲು ತರುವಾಗ ವಿವೇಕ ಬೇಕು. ಮರವು ಶರಣನಲ್ಲ, ಅದಕ್ಕೆ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ನೀತಿಯು ಮನುಷ್ಯನಿಗೆ. ಕಾಡು ಅವನಿಗೆ ತಿಳಿಸಿಕೊಡುವುದು ಇಷ್ಟು: ಬೇರೆಬೇರೆಯಾದವು ಒಂದೇ ನೆಲದಲ್ಲಿ ನಿಲ್ಲಲು ಒಂದೇ ಆಕಾರವನ್ನು ತಾಳಬೇಕಾಗಿಲ್ಲ. ಏಕತ್ವವು ಒಳಗಿನ ಸಂಬಂಧ. ಏಕರೂಪತೆಯು ಹೊರಗಿನ ಅಚ್ಚು. ಒಂದೇ ನೀರು, ಒಂದೇ ಮಣ್ಣು, ಒಂದೇ ಬಿಸಿಲನ್ನು ಉಂಡು ಮತ್ತಿಯು ಮತ್ತಿಯಾಗಿಯೂ ಮುರುಗಲು ಮುರುಗಲಾಗಿಯೂ ಬೆಳೆಯುವುದು. ಶರಣರು ಸಾರಿದ ಸಮಾನತೆಯೂ ಈ ಬಗೆಯದು. ನೇಯುವವನು, ಕಂಬಳಿ ಕಾಯಕದವನು, ಸೌದೆ ಮಾರುವವನು ತಂತಮ್ಮ ಕಾಯಕವನ್ನು ಬಿಟ್ಟು ಒಂದೇ ಕಸುಬನ್ನು ಹಿಡಿಯಬೇಕೆಂದು ಅವರು ವಿಧಿಸಲಿಲ್ಲ. ಕಾಯಕಗಳಲ್ಲಿ ಮೇಲುಕೀಳಿಲ್ಲವೆಂದು ಸಾರಿದರು. ಎಲ್ಲರನ್ನೂ ಒಂದೇ ಬಗೆಯಾಗಿಸುವವನಿಗೆ ಎಲ್ಲರನ್ನೂ ಸಮಾನರೆಂದು ಕಾಣುವ ಕಷ್ಟವಿಲ್ಲ. ಭೇದವನ್ನು ಉಳಿಸಿಕೊಂಡು ಸಮಾನತೆಯನ್ನು ಕಾಣುವುದೇ ಕಠಿಣವಾದ ವ್ರತ.

ಈ ವ್ರತವು ಗೃಹಸ್ಥನ ಬೆಟ್ಟದಲ್ಲಿಯೇ ಮೊದಲಾಗಬೇಕು. ದೋಷವೆಲ್ಲ ಸರಕಾರದ್ದು, ಗುಣವೆಲ್ಲ ಹಳ್ಳಿಯದು ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಸೊಪ್ಪಿಗಾಗಿ ವರ್ಷವರ್ಷವೂ ಅದೇ ಮರಗಳ ಕೊಂಬೆಯನ್ನು ಸವರಿ, ದನಗಳನ್ನು ಬಿಟ್ಟು, ಸಸಿ ಏಳದಂತೆ ಮಾಡಿ ಬೋಳಾದ ಬೆಟ್ಟಗಳು ಈ ಸೀಮೆಯಲ್ಲಿ ಕಡಿಮೆಯಿಲ್ಲ. ಅಂಥ ಬೆಟ್ಟವನ್ನು ಕಂಡು ಬೇಗ ಬೆಳೆಯುವ ಅಕೇಶಿಯಾವನ್ನೇ ತುಂಬಿಬಿಡುವ ಆಸೆಯೂ ಹುಟ್ಟುವುದುಂಟು. ಮನೆಯ ಮಗಳ ಮದುವೆ, ಮಗನ ವಿದ್ಯಾಭ್ಯಾಸ, ಸಾಲದ ಕಂತು ಇವುಗಳ ಒತ್ತಡವನ್ನು ಬಲ್ಲವರು ಆ ಆಸೆಯನ್ನು ಹಳಿಯಲಾರರು. ಆದರೂ ಬೆಟ್ಟವು ಒಬ್ಬನ ಆಯುಸ್ಸಿನ ಆಸ್ತಿಯಲ್ಲ. ಬಂದುದನ್ನು ಮುಂದಿನವನಿಗೆ ಸಲ್ಲಿಸುವುದೂ ದಾಸೋಹವೇ. ಅಲ್ಲಿ ಉಣ್ಣುವವನು ಇನ್ನೂ ಹುಟ್ಟಿಲ್ಲವೆಂಬುದಷ್ಟೇ ಭೇದ.

ಆದುದರಿಂದ ಬೆಟ್ಟವುಳ್ಳ ಸದ್ಭಕ್ತರು ಮಾಡಬಹುದಾದ ಕೆಲವು ಕಾರ್ಯಗಳುಂಟು. ಬೆಟ್ಟವನ್ನು ಭಾಗಮಾಡಿ, ಒಂದು ಭಾಗದ ಸೊಪ್ಪನ್ನು ಕಡಿದ ವರ್ಷ ಮತ್ತೊಂದಕ್ಕೆ ಬಿಡುವು ಕೊಡಬೇಕು. ತಾನಾಗಿ ಎದ್ದ ನೇರಳೆ, ಹೊನ್ನೆ, ಉಪ್ಪಾಗೆ, ಮುರುಗಲು, ಅಳಲೆ, ನೆಲ್ಲಿಗಳ ಸಸಿಗಳಿಗೆ ದನ ಬಾಯಿಹಾಕದಂತೆ ಮುಳ್ಳು ಕಟ್ಟಬೇಕು. ನೆಡುವುದಾದರೆ ಒಂದರ ಬದಲು ಹತ್ತು ಬಗೆಯನ್ನು ನೆಡಬೇಕು. ಪೊಟರೆಬಿದ್ದ ಮುದಿಮರವೊಂದನ್ನಾದರೂ ಉಳಿಸಬೇಕು. ವರ್ಷಕ್ಕೊಮ್ಮೆ ಮನೆಯ ಹಿರಿಯರೂ ಮಕ್ಕಳೂ ಕೂಡಿ ಬೆಟ್ಟಕ್ಕೆ ಹೋಗಿ, ಅಲ್ಲಿರುವ ಮರಗಳ ಹೆಸರನ್ನು ಒಂದು ವಹಿಯಲ್ಲಿ ಬರೆದಿಡಬೇಕು. ಗೊತ್ತಿಲ್ಲದ ಮರವನ್ನು ಜೇನುಕೀಳುವ ಸಿದ್ದಿಯನ್ನೊ, ನಾಟಿವೈದ್ಯನನ್ನೊ, ಶಿರಸಿಯ ಅರಣ್ಯ ಮಹಾವಿದ್ಯಾಲಯದವರನ್ನೊ ಕೇಳಿ ತಿಳಿಯಬೇಕು. ಹೆಸರನ್ನು ಅರಿತ ಮರಕ್ಕೆ ಕೊಡಲಿಯೆತ್ತುವ ಮುನ್ನ ಕೈಯು ಒಮ್ಮೆ ತಡೆಯುವುದು. ಅಷ್ಟು ಹೊತ್ತಿನ ತಡೆಯಲ್ಲಿ ವಿಚಾರಕ್ಕೆ ಎಡೆಯುಂಟು. ಅರಿವು ಆಚಾರವಾಗಿ ಪರಿಣಮಿಸಲೆಂಬುದೇ ಶರಣರ ಆಶಯ. ಅದು ಮನೆಮನೆಯಲ್ಲಿ, ಬೆಟ್ಟಬೆಟ್ಟದಲ್ಲಿ ಸಫಲವಾಗಲಿ.